ದೋನ್ ಎವರಿಸ್ತೊ ಹಿಡಿಯದ ಚಿಟ್ಟೆ

ನಮ್ಮ ಕೆಬ್ರಾದಾ ಓಂದಾ ಊರಿನಲ್ಲಿ ಚಿಟ್ಟೆಯ ಮಾತು ಎತ್ತಿದರೆ ಸಾಕು, ಜನ ಎವರಿಸ್ತೊ ಕಮರೇನಾನ ಹೆಸರು ಹೇಳುತ್ತಾರೆ. ಹೇಳಲಿ ಎಂದೇ ಅವನು ಬದುಕಿರುವುದು. ಲಿಮಾದಿಂದ ಬರುವ ಬಸ್ಸುಗಳು ಬೆಟ್ಟ ಇಳಿದು ಉಸಿರು ಬಿಡುವ ತಿರುವಿನಲ್ಲೇ ಅವನ ಅಂಗಡಿ. ಬಾಗಿಲ ಮೇಲೆ 'ಪ್ರೊಫೆಸರ್ ಇ. ಕಮರೇನಾ, ಚಿಟ್ಟೆ ತಜ್ಞ' ಎಂದು ಹಸಿರು ಅಕ್ಷರದಲ್ಲಿ ಬರೆಸಿದ್ದಾನೆ. ಯಾವ ಕಾಲೇಜಿನ ಪ್ರೊಫೆಸರ್ ಅಂತ ಕೇಳಬೇಡಿ. ಶಾಲೆಯನ್ನು ಅವನು ಚೆನ್ನಾಗಿಯೇ ನೋಡಿದ್ದಾನೆ, ಆದರೆ ಬೇಲಿಯ ಹೊರಗಿನಿಂದ. ಆ ಬೇಲಿಯ ಲಂಟಾನಾ ಹೂಗಳ ಮೇಲೆಯೇ ಅವನು ಬಲೆ ಬೀಸಲು ಕಲಿತದ್ದು.

ನಾನು ಅವನ ಬಗ್ಗೆ ಬರೆಯುತ್ತಿರುವುದು ಗೌರವಕ್ಕಲ್ಲ, ಮೊದಲೇ ಹೇಳಿಬಿಡುತ್ತೇನೆ. ನನಗೆ ಚಿಟ್ಟೆ ಅಂದರೆ ಪ್ರಾಣ. ಊಟ ಬಿಟ್ಟು ನೋಡುತ್ತಾ ಕೂರುವ ಜಾತಿ ನಾನು. ಅದಕ್ಕೇ ಇವನನ್ನು ಕಂಡರೆ ಆಗುವುದಿಲ್ಲ.

ಎವರಿಸ್ತೊನ ಅಪ್ಪ ಮೇಲಿನ ಆಲೂಗಡ್ಡೆ ಸೀಮೆಯಿಂದ ಇಲ್ಲಿಗೆ ಕಾಫಿ ಬಿಡಿಸಲು ಇಳಿದು ಬಂದ ಮನುಷ್ಯ, ಪಾಪ, ದುಡಿದು ದುಡಿದು ಬೆನ್ನು ಬಾಗಿಸಿಕೊಂಡ. ಮಗನಿಗೆ ಬಾಗುವುದು ಎಂದರೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಯಾವನೋ ಜರ್ಮನಿಯವನು ಚಿಟ್ಟೆ ಕೊಳ್ಳಲು ಬಂದ. ಹೊಳೆದಂಡೆಯ ಮರಳಿನಲ್ಲಿ ಕೊಳೆತ ಮೀನು ಇಟ್ಟು, ಅದರ ಮೇಲೆ ಉಚ್ಚೆ ಹೊಯ್ದು, ನೆರಳಲ್ಲಿ ಮಲಗಿದರೆ ಸಾಕು, ನೀಲಿ ಚಿಟ್ಟೆಗಳು ತಾವೇ ಬಂದು ಕೂರುತ್ತವೆ ಎಂದು ಅವನು ತೋರಿಸಿಕೊಟ್ಟ. ಮಲಗಿ ಮಾಡುವ ಕೆಲಸ ಅಂದಮೇಲೆ ಎವರಿಸ್ತೊಗೆ ಬೇರೆ ಇನ್ನೇನು ಬೇಕು. ಜರ್ಮನಿಯವನು ಹೋಗುವಾಗ ಒಂದು ಸೂಜಿ ಡಬ್ಬಿ, ಕೆಲವು ಲ್ಯಾಟಿನ್ ಹೆಸರುಗಳನ್ನು ಬಿಟ್ಟು ಹೋದ. ಎವರಿಸ್ತೊ ಆ ಹೆಸರುಗಳನ್ನು ಪಾದ್ರಿ ಮಂತ್ರ ಹೇಳಿದಂತೆ ಮೂಗಿನಲ್ಲಿ ಹೇಳಲು ಕಲಿತ. ಯಾವ ಹೆಸರು ಯಾವ ಚಿಟ್ಟೆಯದು ಎನ್ನುವುದು ಅವನಿಗೆ ಅಷ್ಟು ಮುಖ್ಯವಲ್ಲ. ಗಿರಾಕಿಗೆ ಯಾವ ಚಿಟ್ಟೆ ಹಿಡಿಸುತ್ತದೋ ಅದಕ್ಕೆ ಅತಿ ಉದ್ದದ ಹೆಸರು.

ಅವನ ವರ್ಗೀಕರಣ ಕೇಳಬೇಕು ನೀವು. ಗಾಜಿನ ಚೌಕಟ್ಟಿನ ಅಳತೆ ಪ್ರಕಾರ ಅವನು ಚಿಟ್ಟೆಗಳನ್ನು ವಿಂಗಡಿಸುತ್ತಾನೆ. ದೊಡ್ಡ ಚೌಕಟ್ಟಿನವು ಒಂದು ಕುಲ, ಸಣ್ಣ ಚೌಕಟ್ಟಿನವು ಇನ್ನೊಂದು. ಬೂದಿತಟ್ಟೆಯೊಳಗೆ ಹಿಡಿಸುವವು ಮೂರನೆಯದು. ರೆಕ್ಕೆಯಲ್ಲಿ ಒಂದು ಚುಕ್ಕೆ ಹೆಚ್ಚಾದರೆ 'ಹೊಸ ತಳಿ', ಬಿಸಿಲಿಗೆ ಬಣ್ಣ ಮಾಸಿದರೆ 'ಅಪರೂಪದ ಮಾಸಲು ತಳಿ'. ಹಲ್ಲಿ ರೆಕ್ಕೆಯ ತುದಿ ಕಡಿದಿದ್ದರೆ ಅದೂ ಒಂದು ತಳಿಯೇ. ಗಂಡು ಹೆಣ್ಣನ್ನು ಎರಡು ಜಾತಿ ಎಂದು ಮಾರುತ್ತಾನೆ. ಮೇಯರ್ ಹೆಂಡತಿಯ ಹೆಸರಿಟ್ಟ ಒಂದು ಚಿಟ್ಟೆಯಿತ್ತು. ಆ ಮೇಯರ್ ಚುನಾವಣೆ ಸೋತ ವಾರವೇ ಅದೇ ಚಿಟ್ಟೆಗೆ ಹೊಸ ಮೇಯರ್ ಹೆಂಡತಿಯ ಹೆಸರು ಬಂತು.

ಕಂದು ಚಿಟ್ಟೆಗಳನ್ನಂತೂ ಅವನು ಮೂಸಿಯೂ ನೋಡುತ್ತಿರಲಿಲ್ಲ. ಒದ್ದೆ ಗೋಣಿತಾಟು ಅನ್ನುತ್ತಿದ್ದ. ಚಿಟ್ಟೆ ಜೋಡಿಸಿ ಮಾರುವ ಗಾಜಿನ ತಟ್ಟೆಯಲ್ಲಿ ಖಾಲಿ ಜಾಗ ಉಳಿದರೆ ಮೂಲೆ ತುಂಬಿಸಲು ಒಂದೆರಡು ಸಿಕ್ಕಿಸುತ್ತಿದ್ದ, ಅಷ್ಟೆ.

ಇಲ್ಲೇ ನನಗೆ ಮೈ ಉರಿಯುವುದು. ನಮ್ಮ ಬೆಟ್ಟದ ನಿಜವಾದ ಸಂಪತ್ತು ಇರುವುದೇ ಆ ಕಂದುಗಳಲ್ಲಿ. ಬಾಳೆ ಬೆಳೆಯುವ ತಗ್ಗಿನಿಂದ ಮೇಲಕ್ಕೆ ನಡೆಯುತ್ತಾ ಹೋಗಿ. ಕಾಫಿ ಮುಗಿದು ಸಣ್ಣ ಬಿದಿರು ಶುರುವಾಗುವಾಗ ಒಂದು ಕಂದು ಎದುರಾಗುತ್ತದೆ. ಇನ್ನಷ್ಟು ಏರಿ, ಕಾಲು ಸೋತು ಕೂತ ಕಡೆ ನೋಡಿ, ಅದು ಕಾಣೆಯಾಗಿ ಅದರ ಜಾಗದಲ್ಲಿ ಬೇರೊಂದು. ಮೇಲಿನಿಂದ ನೋಡಿದರೆ ಎಲ್ಲವೂ ಒಣಗಿದ ಎಲೆ. ರೆಕ್ಕೆ ಮಡಚಿ ಕೂತಾಗ ಅಡಿಭಾಗ ನೋಡಬೇಕು. ಒಂದಕ್ಕೆ ಕಣ್ಣಿನಂಥ ಚುಕ್ಕೆಗಳ ಸಾಲು, ಮತ್ತೊಂದಕ್ಕೆ ಸುಟ್ಟ ರೊಟ್ಟಿಯ ಅಂಚು, ಇನ್ನೊಂದಕ್ಕೆ ಇಬ್ಬನಿ ಎರಚಿದಂತೆ ಬಿಳಿ. ಒಂದು ಗುಡ್ಡದ್ದು ಪಕ್ಕದ ಗುಡ್ಡಕ್ಕೆ ಹೋಗುವುದಿಲ್ಲ, ನಡುವೆ ಇರುವ ಬಿಸಿ ಕಣಿವೆ ಇಳಿಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಸಾವಿರಾರು ವರ್ಷ ತನ್ನ ಗುಡ್ಡದಲ್ಲೇ ಉಳಿದು ತಾನೇ ಒಂದು ಜಾತಿಯಾಗಿಬಿಡುತ್ತದೆ. ಆದ್ದರಿಂದ ನಮ್ಮ ಕಡೆ ಚಿಟ್ಟೆಯನ್ನು ಗುರುತಿಸಬೇಕಾದರೆ ರೆಕ್ಕೆ ನೋಡಿದರೆ ಅರ್ಧ ಕೆಲಸ, ಎಲ್ಲಿ ಹಿಡಿದದ್ದು ಎಂದು ತಿಳಿದರೆ ಉಳಿದರ್ಧ.

ಈ ಉಳಿದರ್ಧವನ್ನೇ ನಮ್ಮೂರಿನವರು ಹಾಳು ಮಾಡಿಟ್ಟಿದ್ದಾರೆ. ಚಿಟ್ಟೆ ಹಿಡಿಯುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಜಾಗ ಇರುತ್ತದೆ. ಅಲ್ಲಿ ಕೊಳೆತ ಮೀನೋ, ಹೆಂಡದಲ್ಲಿ ನೆನೆಸಿದ ಬಾಳೆಹಣ್ಣೋ ಇಟ್ಟು ಕಾಯುತ್ತಾನೆ. ಆ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ಚಿಟ್ಟೆಯನ್ನು ಕಾಗದದಲ್ಲಿ ಮಡಚಿ ಮೇಲೆ ಊರು ಬರೆಯುತ್ತಾರಲ್ಲ, ಆ ಊರು ಸುಳ್ಳು. ಮೇಲೆ ಹಿಡಿದಿದ್ದರೆ ಕೆಳಗೆ ಎನ್ನುತ್ತಾರೆ, ಹೊಳೆಯ ಎಡದಂಡೆಯದಾಗಿದ್ದರೆ ಬಲದಂಡೆ ಎನ್ನುತ್ತಾರೆ. ಹೇಳುವವನು ಸುಳ್ಳು ಹೇಳುತ್ತಾನೆಂದು ಕೇಳುವವನಿಗೆ ಗೊತ್ತು, ಅವನು ತಲೆಯೊಳಗೇ ಅದನ್ನು ತಿರುಗಿಸಿಕೊಳ್ಳುತ್ತಾನೆ. ಇದನ್ನು ಯಾರೂ ತಪ್ಪು ಎಂದುಕೊಂಡಿಲ್ಲ. ನಿಜ ಹೇಳಿದವನನ್ನೇ ಇವನಿಗೇನೋ ಆಗಿದೆ ಎಂದು ನೋಡುತ್ತಾರೆ. ಎವರಿಸ್ತೊ ಈ ವಿದ್ಯೆಯಲ್ಲಿ ಗುರು. ಅವನ ಅಂಗಡಿಯ ಡ್ರಾಯರುಗಳಲ್ಲಿರುವ ಚೀಟಿಗಳನ್ನು ನಂಬಿದರೆ ಹಿಮದ ಮೇಲೆ ಬಾಳೆತೋಟ ಇರಬೇಕು.

ಈಗ ಸಬಿನಾ ರಿಮಾಚಿಯ ವಿಷಯ. ಊರ ಮೇಲಿನ ಹೊಗೆಗುಡ್ಡಕ್ಕೆ ಏರುವ ದಾರಿಯ ನಡುವೆ, ಬಿದಿರಿನ ಮಧ್ಯೆ, ಅವಳ ಟ್ರೌಟ್ ಮೀನಿನ ಹೊಂಡ. ಹೋಗಿ ಬರುವ ಲಾರಿಯವರಿಗೆ ಮೀನು ಕರಿದು, ಯೂಕಾ ಗೆಣಸು ಬೇಯಿಸಿ ಹಾಕುತ್ತಾಳೆ. ಅವಳ ಬಾಯಿಗೆ ಲಾರಿಯವರೇ ಹೆದರುತ್ತಾರೆ. ಎವರಿಸ್ತೊ ಅವಳ ಮಗನಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸುವಾಗ ಧರ್ಮಪಿತನಾಗಿ ನಿಂತವನು, ಹಾಗಾಗಿ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಆ ಮಗುವಿಗೆ ಅವನು ಇದುವರೆಗೆ ಒಂದು ಅಂಗಿಯನ್ನೂ ಕೊಡಿಸಿಲ್ಲ, ಅದು ಬೇರೆ ಮಾತು. ಅವಳೂ ಬಿಡುವಾದಾಗ ಸಿಕ್ಕ ಚಿಟ್ಟೆ ಹಿಡಿದು ಅವನಿಗೆ ಕೊಡುತ್ತಾಳೆ, ಅವನು ಬದಲಿಗೆ ಏನಾದರೂ ಹಳೇ ಸಾಮಾನು ಕೊಡುತ್ತಾನೆ.

ಒಂದು ದಿನ ಅವಳು ಕೆಲವು ನೀಲಿ ಚಿಟ್ಟೆಗಳ ಜೊತೆ ಒಂದು ಕಂದು ಚಿಟ್ಟೆಯನ್ನೂ ತಂದಳು. ಮೇಲೆ ಸಾದಾ ಕಂದು, ಅಡಿಯಲ್ಲಿ ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬೆಳ್ಳಿಯ ಸೊಂಟಪಟ್ಟಿ. ಎವರಿಸ್ತೊ ಅದನ್ನು ನೋಡಲೂ ಇಲ್ಲ. ನೀಲಿಗಳಿಗೆ ಬದಲಾಗಿ ತನ್ನ ಕುಂಟ ಹುಂಜವನ್ನು ಅವಳ ಕೈಗೆ ಕೊಟ್ಟ. ಅಭ್ಯಾಸಕ್ಕೆ ಎಲ್ಲಿ ಹಿಡಿದೆ ಅಂತ ಕೇಳಿದ. ನೀಲಿಗಳನ್ನು ಹೊಳೆಯಾಚೆ ಎಂದಳು. ಕಂದು ಎಲ್ಲಿಯದು ಎಂದದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಅದಾ, ನಮ್ಮ ಹೊಂಡದ ಹತ್ರಾನೇ ಕೊಂಪಾದ್ರೆ. ಮೀನಿನ ಕರುಳು ಎಸೀತೀನಲ್ಲ, ಅದ್ರ ಮೇಲೆ ಕೂತಿತ್ತು."

ಎವರಿಸ್ತೊ ಒಳಗೊಳಗೇ ನಕ್ಕ. ಕೊಮಾದ್ರೆ ಕರುಳಿನ ಗುಡ್ಡೆ ಎನ್ನುತ್ತಿದ್ದಾಳೆಂದರೆ ಮೇಲಿನ ಹೊಗೆಗುಡ್ಡದ ತುದಿಯಲ್ಲಿ ಹಿಡಿದಿರಬೇಕು ಎಂದು ತಿರುಗಿಸಿಕೊಂಡ. ಕಂದಿಗಾಗಿ ಯಾರೂ ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳುವುದಿಲ್ಲ ಎನ್ನುವುದು ಆ ಪ್ರೊಫೆಸರ್ ತಲೆಗೆ ಹೊಳೆಯಲಿಲ್ಲ. ಚೀಟಿಯ ಮೇಲೆ 'ಹೊಗೆಗುಡ್ಡ, ತುದಿ, ಹಿಡಿದವರು ಪ್ರೊ. ಕಮರೇನಾ' ಎಂದು ಬರೆದು, ಚಿಟ್ಟೆಯ ಯಾವ ಬದಿ ಮೇಲೆ ಎಂದೂ ನೋಡದೆ, ಅಡಿಭಾಗ ಕಾಣುವಂತೆ ಒಂದು ತಟ್ಟೆಯ ಮೂಲೆಗೆ ಚುಚ್ಚಿಟ್ಟ.

ಯಾರೋ ಪ್ರವಾಸಿ ಆ ತಟ್ಟೆಯ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಎಲ್ಲೋ ಹಾಕಿದ. ಅದು ಲಿಮಾದ ಒಂದು ವಸ್ತುಸಂಗ್ರಹಾಲಯದ ಡಾಕ್ಟರ್ ಮಗಾಲಿ ಒಸೋರಿಯೊಗೆ ಸಿಕ್ಕಿತು. ಕಂದು ಚಿಟ್ಟೆಗಳೇ ಆಕೆಯ ಕಸುಬು. ಆಕೆ ಫೋನ್ ಮಾಡಿ, ಮೂಲೆಯಲ್ಲಿರುವ ಕಂದು ಚಿಟ್ಟೆಯನ್ನು ಯಾರಿಗೂ ಮಾರಬೇಡಿ, ನಾನೇ ಬರುತ್ತೇನೆ ಎಂದರು. ಎವರಿಸ್ತೊ ಫೋನು ಇಟ್ಟು ತಟ್ಟೆಯಲ್ಲಿ ಯಾವುದು ಆ ಕಂದು ಎಂದು ಸುಮಾರು ಹೊತ್ತು ಹುಡುಕಿದನಂತೆ. ಇದನ್ನು ಹೇಳಿದ್ದು ಅವನ ಹೆಂಡತಿ ಫೌಸ್ತಾ, ಅವಳು ಅವನನ್ನು ಕಾಪಾಡಲು ಸುಳ್ಳು ಹೇಳುವುದನ್ನು ಯಾವತ್ತೋ ಬಿಟ್ಟಿದ್ದಾಳೆ.

ಡಾಕ್ಟರು ಬಂದರು. ಸಣ್ಣ ಆಕಾರ, ಕೆಸರು ಬೂಟು, ಮಾತು ಕಡಿಮೆ. ನಾನು ಕರೆಯದೇ ಹೋಗಿ ಅಂಗಡಿಯ ಮೂಲೆಯಲ್ಲಿ ನಿಂತಿದ್ದೆ, ನೋಡದೆ ಇರಲು ಆಗುತ್ತಾ. ಅವರು ಆ ಕಂದು ಚಿಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿ ಉಸಿರು ಬಿಡುವುದನ್ನೇ ಮರೆತರು. ಆಮೇಲೆ ಹೊಟ್ಟೆಯ ತುದಿಯನ್ನು ಕತ್ತರಿಸಿ ನೋಡಬೇಕು, ಕಂದುಗಳ ಜಾತಿ ಕೊನೆಗೆ ತೀರ್ಮಾನವಾಗುವುದು ಗಂಡಿನ ಜನನಾಂಗದ ಆಕಾರದಿಂದ, ಬೀಗದ ಕೈ ಇದ್ದಂತೆ ಒಂದೊಂದು ಜಾತಿಗೆ ಒಂದೊಂದು, ಎಂದರು. ಎವರಿಸ್ತೊನ ಮುಖ ಕೆಂಪಾಯಿತು. ಚಿಟ್ಟೆ ಶಾಸ್ತ್ರದಲ್ಲಿ ಇಂಥ ಭಾಗವೂ ಇದೆಯೆಂದು ಅವನಿಗೆ ಆ ದಿನವೇ ಗೊತ್ತಾದದ್ದು. ಹೆಂಗಸರ ಮುಂದೆ ಇದೆಲ್ಲ ಬೇಡ ಎಂದು ಗೊಣಗಿ, ಗೌರವ ಕಾಪಾಡಲು ಎರಡು ಲ್ಯಾಟಿನ್ ಹೆಸರು ಹೇಳಿದ. ಎರಡೂ ಪತಂಗಗಳವು. ಡಾಕ್ಟರು ಸಣ್ಣ ಕತ್ತರಿ ಹೊರತೆಗೆದರು.

ನೋಡಿ ಮುಗಿಸಿ ಅವರು ಇದು ಯಾರೂ ಹೆಸರಿಡದ ಜಾತಿ ಇರಬಹುದು ಎಂದರು. ಆದರೆ ಒಂದೇ ಒಂದು ಚಿಟ್ಟೆ ಇಟ್ಟುಕೊಂಡು ಹೆಸರಿಡಲು ಅವರಿಗೆ ಮನಸ್ಸಿರಲಿಲ್ಲ. ಅದು ಹಾರುವ ಜಾಗವನ್ನು ತಾವೇ ಕಾಣಬೇಕು, ಎಷ್ಟು ಎತ್ತರ, ಯಾವ ಗುಡ್ಡದ ಮಗ್ಗುಲು, ಯಾವ ಬಿದಿರು, ಎಲ್ಲ ಬೇಕು. ಇನ್ನೊಂದು ಸಿಕ್ಕಿದರೆ ಹಿಡಿದವರ ಮನೆತನದ ಹೆಸರನ್ನೇ ಇಡೋಣ, ಅದು ನಮ್ಮಲ್ಲಿ ರೂಢಿ, ಎಂದರು.

"ನನ್ ಹೆಸ್ರು?" ಎಂದ ಎವರಿಸ್ತೊ. "ಪುಸ್ತಕದಲ್ಲಿ?"

"ಪುಸ್ತಕದಲ್ಲಿ. ಜಗತ್ತು ಇರೋವರೆಗೂ ಇರತ್ತೆ," ಎಂದರು ಡಾಕ್ಟರು. "ನೀವೇ ತಾನೆ ಹಿಡಿದದ್ದು?"

"ನಾನಲ್ದೆ ಇನ್ಯಾರು ಡಾಕ್ಟ್ರೇ. ಹೊಗೆಗುಡ್ಡದ ತುದೀಲಿ, ಇದೇ ಕೈಯಲ್ಲಿ."

ಆವತ್ತಿನಿಂದ ಅವನನ್ನು ಹಿಡಿಯುವವರಿಲ್ಲ. ಚೌಕದ ಧ್ವನಿವರ್ಧಕದಲ್ಲಿ, ಕಳೆದುಹೋದ ಹಂದಿಯ ವಿಷಯ ಮತ್ತು ಲಸಿಕೆಯ ವಿಷಯದ ನಡುವೆ, ಪ್ರೊಫೆಸರ್ ಕಮರೇನಾನ ಹೆಸರು ವಿಜ್ಞಾನಕ್ಕೆ ಸೇರಲಿದೆ ಎಂದು ಕೂಗಿಸಿದ. ಹೊಸ ಅಂಗಿ ಹೊಲಿಸಿದ. ಕ್ಷೌರದಂಗಡಿಯಲ್ಲಿ ಕೂತು ಹೊಗೆಗುಡ್ಡದ ಕಥೆ ಹೇಳಿದ, ಒಂದು ಸಲಕ್ಕಿಂತ ಇನ್ನೊಂದು ಸಲ ಪ್ರಪಾತ ಆಳವಾಗುತ್ತಿತ್ತು. ಮೊದಲು ಜಾರಿದ್ದ, ಆಮೇಲೆ ಬೇರು ಹಿಡಿದು ನೇತಾಡಿದ. ಕೊನೆಗೆ ಕರಡಿಯೂ ಬಂತು. ಫೌಸ್ತಾ ಕೋಳಿಗೆ ಜೋಳ ಎಸೆಯುತ್ತಾ ಪಕ್ಕದ ಮನೆಯವಳಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ನಮ್ಮೆಜಮಾನ್ರು ಹೊಗೆಗುಡ್ಡ ನೋಡಿದ್ದು ಹೊಗೆಗುಡ್ಡದ ಫೋಟೋದಲ್ಲಿ ಕಣೆ. ನಮ್ಮನೆ ಏಣಿ ಹತ್ತಿಸೋಕೇ ನಾನು ಹಿಂದೆ ನೂಕಬೇಕು."

ಸಬಿನಾಳ ಹತ್ತಿರ ಹೋಗಿ, ಕೊಮಾದ್ರೆ, ನಿಜವಾಗಿ ಎಲ್ಲಿ ಹಿಡಿದೆ ಹೇಳು ಎಂದು ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಹೇಗೆ ಕೇಳುತ್ತಾನೆ. ಕೇಳಿದರೆ ತಾನು ಹಿಡಿದದ್ದಲ್ಲ ಎಂದು ಒಪ್ಪಿಕೊಂಡ ಹಾಗೆ. ಅದೂ ಸಬಿನಾಳ ಬಾಯಿಗೆ ಬಿದ್ದರೆ ಸಂಜೆಯೊಳಗೆ ಲಾರಿಗಳ ಜೊತೆ ಎರಡು ಪ್ರಾಂತ್ಯ ದಾಟುತ್ತದೆ. ಜೊತೆಗೆ ಅವಳು ಸುಳ್ಳು ಹೇಳಿದ್ದನ್ನು ತಾನು ಸರಿಯಾಗಿಯೇ ತಿರುಗಿಸಿಕೊಂಡಿದ್ದೇನೆ ಎಂಬ ಧೈರ್ಯ ಬೇರೆ.

ಹೊರಟೆವು. ಹೇಸರಗತ್ತೆ ಓಡಿಸುವವನೊಬ್ಬ, ಡಾಕ್ಟರು, ಮುಂದೆ ಎವರಿಸ್ತೊ, ಹಿಂದೆ ನಾನು. ಸಬಿನಾಳ ಹೊಂಡದ ಹತ್ತಿರ ಬಂದಾಗ ಎವರಿಸ್ತೊ ಹೆಜ್ಜೆ ಜೋರು ಮಾಡಿದ, ಅವಳು ಒಳಗಿದ್ದಳು, ನೋಡಲಿಲ್ಲ. ಹೊಂಡ ದಾಟಿದ ಮೇಲೆ ಅವನ ಉಸಿರು ಹೇಸರಗತ್ತೆಯ ಉಸಿರಿಗಿಂತ ಜೋರಾಗಿ ಕೇಳತೊಡಗಿತು. ಆಮೇಲೆ ಅವನೇ ಹೇಸರಗತ್ತೆಯ ಮೇಲೆ ಕೂತ, ಡಾಕ್ಟರ ಸಾಮಾನನ್ನು ಡಾಕ್ಟರೇ ಹೊತ್ತರು. ಪ್ರೊಫೆಸರ್ ಅಲ್ಲವೇ.

ಹೊಗೆಗುಡ್ಡದ ತುದಿಯಲ್ಲಿ ಗಾಳಿ, ಮಂಜು, ಪಾಚಿ. ಮರಗಳು ಮೊಣಕಾಲೆತ್ತರಕ್ಕೆ ಕುಗ್ಗಿರುತ್ತವೆ. ಡಾಕ್ಟರು ಎಲ್ಲಿ ಹಿಡಿದದ್ದು ಎಂದು ಕೇಳಿದರು. ಅವನು ಸುತ್ತ ನೋಡಿ, ಒಂದು ಕಲ್ಲನ್ನು ಆರಿಸಿ ತೋರಿಸಿದ. ಅಲ್ಲಿ ಆಹಾರ ಇಟ್ಟೆವು. ಕೊಳೆತ ಮೀನು ಡಾಕ್ಟರೇ ತಂದಿದ್ದರು. ಉಚ್ಚೆ ಎವರಿಸ್ತೊನದು, ಮೀನನ್ನು ಮಂಜಿನ ಮರೆಗೆ ಒಯ್ದು ಅದರ ಮೇಲೆ ಹೊಯ್ದು ತಂದ, ಕ್ಷೌರದಂಗಡಿಯಲ್ಲಿ ಹೇಳುವಷ್ಟು ಧೈರ್ಯ ಅಲ್ಲಿ ಇರಲಿಲ್ಲ. ಆ ದಿನ ಬಿಸಿಲು ಬರಲಿಲ್ಲ. ಮರುದಿನ ಮೋಡ ಒಂದಿಷ್ಟು ಹರಿದಾಗ ಕಂದುಗಳು ಬಂದವು. ನನಗೆ ಕುಣಿಯುವಷ್ಟಾಯಿತು. ಕಪ್ಪು ಅನ್ನುವಷ್ಟು ಗಾಢವಾದವು, ಚಳಿಗೆ ಮೈತುಂಬ ರೋಮ ಇದ್ದವು, ನೆಲಕ್ಕೆ ಅಂಟಿಕೊಂಡೇ ಹಾರುವವು. ಡಾಕ್ಟರು ಒಂದೊಂದನ್ನೂ ರೆಕ್ಕೆ ಮಡಚಿ ನನಗೆ ತೋರಿಸಿದರು. ಬೆಳ್ಳಿ ಸೊಂಟಪಟ್ಟಿ ಮಾತ್ರ ಒಂದಕ್ಕೂ ಇಲ್ಲ.

"ಇಷ್ಟೆತ್ತರದ ಕಂದು ಇಷ್ಟು ತೆಳು ಮೈ ಇಟ್ಕೊಂಡು ಬದುಕಲ್ಲ," ಎಂದರು ಡಾಕ್ಟರು, ಪೆಟ್ಟಿಗೆಯಲ್ಲಿದ್ದ ಅವನ ಚಿಟ್ಟೆಯನ್ನು ನೋಡುತ್ತಾ. "ನಿಮಗೆ ಜಾಗ ಖಂಡಿತಾ ನೆನಪಿದೆಯಾ ದೋನ್ ಎವರಿಸ್ತೊ?"

"ಡಾಕ್ಟ್ರೇ, ಅದು ನಾಚಿಕೆ ಸ್ವಭಾವದ್ದು," ಎಂದ ಅವನು. "ಹೆಂಗಸ್ರು ಬಂದ್ರೆ ಹೊರಗೆ ಬರಲ್ಲ."

ನಾನಾಗಿದ್ದರೆ ಅವನನ್ನು ಅಲ್ಲಿಂದಲೇ ಉರುಳಿಸುತ್ತಿದ್ದೆ. ಡಾಕ್ಟರು ಸಾಮಾನು ಗಂಟು ಕಟ್ಟಿದರು, ಇಳಿಯತೊಡಗಿದೆವು.

ಇಳಿಯುವಾಗ ಎಲ್ಲರಿಗೂ ಹಸಿವು. ಹೇಸರಗತ್ತೆಯವನು ಸಬಿನಾಳ ಹೊಂಡದ ಹತ್ತಿರ ನಿಂತೇಬಿಟ್ಟ. ಎವರಿಸ್ತೊ ಬೇಡ, ಅವಳ ಮೀನು ಹಳಸಿರುತ್ತದೆ ಎಂದ. ಅಷ್ಟು ಹೊತ್ತಿಗೆ ಸಬಿನಾ ಬಾಗಿಲಿಗೆ ಬಂದಿದ್ದಳು, ಕೇಳಿಸಿಕೊಂಡಳು. ಹಳಸಿದ್ದು ಹೊಂಡದ ಮೀನೋ ಕೊಂಪಾದ್ರೆಯ ಮುಖವೋ ಎಂದು ಕೇಳಿ, ಒಳಗೆ ಕೂರಿಸಿದಳು. ಇಬ್ಬರು ಲಾರಿಯವರು ಆಗಲೇ ಉಣ್ಣುತ್ತಿದ್ದರು. ಸಬಿನಾ ಕಲ್ಲಿನ ಮೇಲೆ ಮೀನು ಸೀಳಿ, ಕರುಳನ್ನು ಬಿದಿರಿನ ಬುಡಕ್ಕೆ ಎಸೆದಳು.

ಎಸೆದದ್ದಷ್ಟೇ ತಡ, ಬಿದಿರಿನ ನೆರಳಿನಿಂದ ಒಣಗಿದ ಎಲೆಯಂಥದ್ದೊಂದು ಇಳಿದು ಬಂತು. ಆ ಗುಡ್ಡೆಯ ಮೇಲೆ ಕೂತು ರೆಕ್ಕೆ ಮಡಚಿತು. ಬೆಳ್ಳಿ ಸೊಂಟಪಟ್ಟಿ. ಅದರ ಹಿಂದೆ ಇನ್ನೊಂದು, ಮತ್ತೊಂದು. ತಳ್ಳಾಡಿಕೊಂಡು, ಕರುಳಿಗೆ ಸೊಂಡಿಲು ಚುಚ್ಚಿ ಹೀರುತ್ತಾ ಕೂತವು. ಡಾಕ್ಟರು ತಟ್ಟೆ ಕೆಳಗಿಟ್ಟು ಮೊಣಕಾಲೂರಿ ತೆವಳುತ್ತಾ ಹತ್ತಿರ ಹೋದರು. ನಾನೂ ಹೋದೆ. ಆ ವಾಸನೆಯಲ್ಲಿ ನಾವಿಬ್ಬರೂ ಚರ್ಚಿನಲ್ಲಿ ಕೂತವರ ಹಾಗೆ ಕೂತಿದ್ದೆವು.

ಸಬಿನಾ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಪಟ್ಟಣದಿಂದ ಬಂದ ಓದಿದವರೆಲ್ಲ ಅವಳಿಗೆ ಇಂಜಿನಿಯರುಗಳೇ. "ಏನ್ ಇಂಜಿನಿಯರಮ್ಮಾ, ಈ ದರಿದ್ರ ಹುಳಾನಾ ನೋಡ್ತಿರೋದು? ಒಂದನ್ನ ನಮ್ ಕೊಂಪಾದ್ರೆಗೆ ಕೊಟ್ಟಿದ್ದೆ, ಕುಂಟ ಹುಂಜ ಕೊಟ್ಟಾಗ. ಆ ಹುಂಜ ಎರಡು ದಿನಕ್ಕೆ ಸತ್ತೋಯ್ತು."

ಲಾರಿಯವರು ಅಗಿಯುವುದನ್ನು ನಿಲ್ಲಿಸಿದರು. ಎವರಿಸ್ತೊ ಗೆಣಸಿನ ತುಂಡನ್ನು ಬಾಯಿಗೆ ಹಾಕಿಕೊಂಡಿದ್ದ, ಅದು ಅಲ್ಲೇ ಉಳಿಯಿತು.

ಡಾಕ್ಟರು ಒಂದು ಚಿಟ್ಟೆಯನ್ನು ಹಿಡಿದುಕೊಂಡು ಎದ್ದು ಬಂದು ಅವನ ಎದುರು ಕೂತರು. ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಆಶ್ಚರ್ಯ. ನೀವು ಆ ತಟ್ಟೆಯಲ್ಲಿ ಇಡದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ, ಆ ಉಪಕಾರ ನಿಮ್ಮದು, ಎಂದರು. ನಿಮ್ಮ ಹೆಸರನ್ನೇ ಇಡಲು ಈಗಲೂ ನನಗೆ ಅಡ್ಡಿ ಇಲ್ಲ, ಹಿಡಿದವರ ಹೆಸರೇ ಆಗಬೇಕೆಂಬ ಕಾನೂನೇನೂ ಇಲ್ಲ. ಆದರೆ ಬರೆಯುವಾಗ ಯಾರು, ಎಲ್ಲಿ ಹಿಡಿದದ್ದು ಎಂಬುದು ನಿಜ ಇರಬೇಕು, ಅದನ್ನು ನೀವೇ ಹೇಳಬೇಕು.

"ಒಂದು ಮಾತು ಸಾಕು," ಎಂದರು. "ಇದನ್ನ ಸಬಿನಾ ಹಿಡಿದದ್ದು, ಇಲ್ಲೇ ಹಿಡಿದದ್ದು ಅನ್ನಿ. ನಿಮ್ಮ ಹೆಸರು ಬರತ್ತೆ."

ಇದಕ್ಕಿಂತ ಸುಲಭವಾಗಿ ಯಾರಿಗಾದರೂ ಅಮರತ್ವ ಸಿಕ್ಕಿದ್ದುಂಟೇ. ಜೀವನವಿಡೀ ಬಾಗಿಲ ಮೇಲೆ ಬರೆಸಿಕೊಂಡ ಬಿರುದು ಒಂದೇ ಮಾತಿಗೆ ನಿಜವಾಗುತ್ತಿತ್ತು. ಎವರಿಸ್ತೊ ಡಾಕ್ಟರನ್ನು ನೋಡಿದ. ಆಮೇಲೆ ಸಬಿನಾಳನ್ನು ನೋಡಿದ. ಅವಳು ಸೊಂಟದ ಮೇಲೆ ಕೈಯಿಟ್ಟು, ಬಾಯಿ ಅರ್ಧ ತೆರೆದು, ನಗಲು ತಯಾರಾಗಿ ನಿಂತಿದ್ದಳು. ಲಾರಿಯವರಲ್ಲಿ ಒಬ್ಬ ಆಗಲೇ ಇನ್ನೊಬ್ಬನ ಪಕ್ಕೆಗೆ ತಿವಿಯುತ್ತಿದ್ದ. ಎವರಿಸ್ತೊ ಗೆಣಸನ್ನು ನುಂಗಿದ.

"ಅದನ್ನ ನಾನು ಹೊಗೆಗುಡ್ಡದ ತುದೀಲಿ ಹಿಡಿದಿದ್ದು," ಎಂದ. "ಇದು ಬೇರೆ ಜಾತಿ."

ಡಾಕ್ಟರು ಪೆಟ್ಟಿಗೆ ತೆಗೆದು ಅವನ ಚಿಟ್ಟೆಯನ್ನು, ಈಗ ಹಿಡಿದ ಚಿಟ್ಟೆಯನ್ನು ಪಕ್ಕಪಕ್ಕ ಇಟ್ಟರು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಅವನು ಬಗ್ಗಿ ನೋಡಿದ, ತಜ್ಞನ ಹಾಗೆ ಕಣ್ಣು ಕಿರಿದು ಮಾಡಿ, ಹೊಂಡದ ಚಿಟ್ಟೆಗೆ ಬೆರಳು ತೋರಿಸಿ, "ನೋಡಿ, ಇದ್ರ ಪಟ್ಟಿ ಒಂಚೂರು ಮಾಸಲು. ಇದು ಮಾಸಲು ತಳಿ," ಎಂದ.

ಆಗ ಸಬಿನಾ ನಕ್ಕಳು. ಆ ಸದ್ದಿಗೆ ಹೊಂಡದ ಮೀನುಗಳೂ ತಳಕ್ಕೆ ಹೋಗಿರಬೇಕು.

ಡಾಕ್ಟರು ಮತ್ತೊಮ್ಮೆ, ಮೆಲ್ಲಗೆ, ಇನ್ನೂ ಸಮಯ ಇದೆ ಎಂದರು. ಅವನು ತಲೆ ಅಡ್ಡಡ್ಡ ಆಡಿಸಿದ. ಅವರು ಪೆಟ್ಟಿಗೆ ಮುಚ್ಚಿದರು. ನಿಮ್ಮ ಅಂಗಡಿಯ ಡ್ರಾಯರುಗಳನ್ನು ನಮ್ಮ ಸಂಗ್ರಹಕ್ಕೆ ಕೇಳಬೇಕೆಂದಿದ್ದೆ, ಚೀಟಿಗಳು ಹೀಗಿದ್ದ ಮೇಲೆ ಬೇಡ, ಎಂದಷ್ಟೇ ಹೇಳಿದರು. ಬೆಟ್ಟದ ಅರ್ಧದಷ್ಟು ಚಿಟ್ಟೆಗಳು ಆ ಡ್ರಾಯರುಗಳಲ್ಲಿವೆ. ಕಾಡು ಕಡಿದು ಈಗ ಕಾಣಲೂ ಸಿಗದವು ಎಷ್ಟೋ. ಯಾವುದು ಯಾವ ಗುಡ್ಡದ್ದು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಿಲ್ಲ. ನನಗೆ ಅವನ ಮೇಲೆ ಸಿಟ್ಟು ಇರುವುದು ಇದಕ್ಕೆ, ಉಳಿದದ್ದಕ್ಕೆ ನಗು ಬರುತ್ತದೆ.

ಹೊರಡುವ ಮುಂಚೆ ಡಾಕ್ಟರು ಸಬಿನಾಳನ್ನು ಕೇಳಿದರು, ಹಾಗಾದರೆ ನಿಮ್ಮ ಹೆಸರು ಇಡೋಣವೇ ಎಂದು. ಅವಳು ಮುಖ ಸಿಂಡರಿಸಿದಳು. "ಕರುಳು ನೆಕ್ಕೋ ಹುಳಕ್ಕೆ ನನ್ ಹೆಸ್ರಾ? ನಮ್ಮತ್ತೆ ಹೆಸ್ರಿಡಿ ಬೇಕಾದ್ರೆ." ಇವಳೂ ಅಷ್ಟೇ ನೋಡಿ. ಕಣ್ಣೆದುರೇ ಇಂಥ ಬೆಳ್ಳಿ ಇಳಿದು ಬರುತ್ತದೆ, ಇವಳಿಗೆ ಕಾಣುವುದು ಕರುಳು. ಕೊನೆಗೆ ಡಾಕ್ಟರು ಆ ಚಿಟ್ಟೆಗೆ ಬೆಳ್ಳಿ ಪಟ್ಟಿಯ ಹೆಸರನ್ನೇ ಲ್ಯಾಟಿನ್ನಿನಲ್ಲಿ ಇಟ್ಟು ಬರೆದರು. ಹಿಡಿದವರು ಸಬಿನಾ ರಿಮಾಚಿ, ಜಾಗ ಅವಳ ಹೊಂಡ. ನಮ್ಮೂರಿನ ಚಿಟ್ಟೆಯ ಬಗ್ಗೆ ಅಚ್ಚಾದ ಮೊದಲ ನಿಜ ಅದೇ ಇರಬೇಕು.

ಎವರಿಸ್ತೊ ಸುಮ್ಮನಾದನೇ? ಇಲ್ಲ. ಲಿಮಾದವಳಿಗೆ ಎರಡು ಜಾತಿ ಗುರುತಿಸಲು ಬರಲಿಲ್ಲ, ಹೊಂಡದ ಮಾಸಲು ತಳಿ ನೋಡಿ ಮೋಸ ಹೋದಳು, ನಿಜವಾದ ಕಮರೇನಾ ಚಿಟ್ಟೆ ಮೇಲೆ ತುದಿಯಲ್ಲಿದೆ ಎಂದು ಹೇಳುತ್ತಾ ತಿರುಗಿದ. ಹೇಳಿದ ಮೇಲೆ ತೋರಿಸಬೇಕಲ್ಲ. ಜನ ಕೇಳತೊಡಗಿದರು, ಎಲ್ಲಿ ಪ್ರೊಫೆಸರ್, ಒಂದಾದರೂ ಹಿಡಿದು ತನ್ನಿ ಎಂದು. ಈಗ ಮಳೆ ನಿಂತ ತಿಂಗಳುಗಳಲ್ಲಿ ಅವನು ಬಲೆ ಹಿಡಿದು ಹೊಗೆಗುಡ್ಡಕ್ಕೆ ನಿಜವಾಗಿಯೇ ಏರುತ್ತಾನೆ. ಏಣಿ ಹತ್ತಲಾರದ ಮನುಷ್ಯ, ಮಂಜಿನಲ್ಲಿ ಕೂತು, ಇಲ್ಲದ ಚಿಟ್ಟೆಗೆ ಮೀನು ಕೊಳೆಸುತ್ತಾನೆ. ಮೊದಮೊದಲು ಅದು ತಾನೇ ಕಟ್ಟಿದ ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಈಗ ಗೊತ್ತಿಲ್ಲ ಅಂತ ಕಾಣುತ್ತದೆ, ಅಷ್ಟು ಶ್ರದ್ಧೆಯಿಂದ ಹುಡುಕುತ್ತಾನೆ.

ಹೋಗುವ ದಾರಿ ಮಾತ್ರ ಅದೊಂದೇ. ಹೊಂಡದ ಹತ್ತಿರ ಬರುವಷ್ಟರಲ್ಲಿ ಬೆವರಿನಲ್ಲಿ ತೊಯ್ದಿರುತ್ತಾನೆ. ಕಂದುಗಳಿಗೆ ಉಪ್ಪು ಎಂದರೆ ಪ್ರಾಣ. ಬಿದಿರಿನಿಂದ ಇಳಿದು ಅವನ ಕುತ್ತಿಗೆಯ ಮೇಲೆ, ಭುಜದ ಮೇಲೆ, ಬಲೆಯ ಹಿಡಿಯ ಮೇಲೆ ಸಾಲಾಗಿ ಕೂರುತ್ತವೆ, ಬೆಳ್ಳಿ ಪಟ್ಟಿ ತೋರಿಸಿಕೊಂಡು ಬೆವರು ಹೀರುತ್ತವೆ. ಅವನು ಒಂದು ಕೈಯಿಂದ ಅವನ್ನು ನೊಣ ಓಡಿಸಿದ ಹಾಗೆ ಓಡಿಸುತ್ತಾ, ಮೇಲಕ್ಕೆ ನೋಡಿಕೊಂಡು ಹತ್ತುತ್ತಾನೆ.